ನೆತ್ತರು ಬಿದ್ದ ನೆಲಕ್ಕೆ ಯಾತ್ರೆ ಹೋಗುವಾಗ



ತೆಂಗಿನ ಸೀಮೆಯಾದ ನಮ್ಮ ದಬ್ಬೇಘಟ್ಟ ಹೋಬಳಿಯ ಭಕ್ತರಿಗೆ ಯಾತ್ರೆ ಹೊಸದಲ್ಲ. ಎಡೆಯೂರಿನ ಸಿದ್ಧಲಿಂಗೇಶ್ವರರ ತೇರು ನಮಗೆ ಮನೆಯಂಗಳದ ಹಬ್ಬವಿದ್ದಂತೆ. ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ನಾಲ್ಕು ಮನೆಯವರು ಸೇರಿ ವಾಹನ ಗೊತ್ತುಮಾಡಿಕೊಂಡು ಕೂಡಲಸಂಗಮ, ಉಳವಿ, ಶ್ರೀಶೈಲಗಳಿಗೆ ಹೊರಡುವುದೂ ಉಂಟು. ಆದರೆ ನಿರಪರಾಧಿಗಳ ನೆತ್ತರು ಬಿದ್ದ ನೆಲಗಳೂ ನಮ್ಮ ನಾಡಿನಲ್ಲಿವೆ. ಅಲ್ಲಿ ಸ್ಮಾರಕಗಳು ಎದ್ದು ನಿಂತಿವೆ. ಅಂತಹ ಸ್ಥಳಕ್ಕೆ ಯಾವ ಭಾವದಿಂದ ಹೋಗಬೇಕು, ಮನಸ್ಸಿನಲ್ಲಿ ಏನನ್ನು ತುಂಬಿಕೊಂಡು ಮರಳಬೇಕು ಎಂಬುದನ್ನು ಮಠದ ಪಾಠಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಯಾತ್ರೆಗಳಲ್ಲಿ ಎಡವಿ ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಹಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ಅಶ್ವತ್ಥದ ಸನ್ನಿಧಿಯನ್ನೂ ಸಾಲುಸಾಲು ನಾಗರಕಲ್ಲುಗಳನ್ನೂ ನೋಡಿ, ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಮರಳಿದ್ದೆವು. ಆ ನೆಲದಲ್ಲಿ 1938ರ ಏಪ್ರಿಲ್ 25ರಂದು ನಡೆದದ್ದನ್ನು ಪುಸ್ತಕದಲ್ಲಿ ಓದಿದ್ದೆವು. ಕುಳಿತು ಉಂಡದ್ದು ಅದೇ ನೆಲದಲ್ಲೆಂಬುದು ಮಾತ್ರ ನೆನಪಿಗೆ ಬರಲಿಲ್ಲ. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೇ ವಿದುರಾಶ್ವತ್ಥದಲ್ಲಿಯೂ ಧ್ವಜವೇರಿಸಲು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ ಮಡಿದವರು 32 ಮಂದಿ; ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಗುಂಡು ಹಾರಿಸಿದವರು ಪರದೇಶದವರಲ್ಲ, ನಮ್ಮದೇ ಮೈಸೂರು ಸಂಸ್ಥಾನದ ಪೊಲೀಸರು. ಅನಂತರ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಮೇಲೆ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು. ಎರಡನೆಯ ಸಲ ಹೋದಾಗ ಹುತಾತ್ಮರ ಸ್ತೂಪದ ಮುಂದೆ ಕೈಮುಗಿದು, ವೀರಸೌಧದ ಚಿತ್ರಗಳನ್ನು ನೋಡಿ ಬಂದೆವು. ಮೊದಲ ಸಲದ ಮರೆವಿಗೆ ಅದು ನಾವು ಸಲ್ಲಿಸಿದ ತಪ್ಪೊಪ್ಪಿಗೆ.

ಎರಡನೆಯದು ಬೀದರ್ ಜಿಲ್ಲೆಯ ಗೋರಟಾ. ಬಸವಕಲ್ಯಾಣದಲ್ಲಿ ಪರುಷಕಟ್ಟೆಯ ದರ್ಶನ ಮುಗಿಸಿ, ಊರಿನ ಹತ್ತು ಹನ್ನೆರಡು ಮಂದಿಯೊಡನೆ ಅಲ್ಲಿಗೆ ಹೋದೆವು. 1948ರ ಮೇ ತಿಂಗಳಲ್ಲಿ, ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರುವುದಕ್ಕೆ ನಾಲ್ಕು ತಿಂಗಳ ಮೊದಲು, ಕಾಸಿಂ ರಜವಿಯ ರಜಾಕಾರರು ಈ ಹಳ್ಳಿಯ ಮೇಲೆ ಬಿದ್ದರು. ಜನರ ಲೆಕ್ಕದಲ್ಲಿ ಸುಮಾರು 200 ಮಂದಿ ಹತರಾದರು. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕವೂ 103 ಅಡಿ ಎತ್ತರದ ಧ್ವಜಸ್ತಂಭವೂ ಲೋಕಾರ್ಪಣೆಗೊಂಡವು.

ನಮ್ಮ ಸೀಮೆಯವರು ಎಲ್ಲಿಗೆ ಹೋದರೂ ಕೈಯಲ್ಲಿ ತೆಂಗಿನಕಾಯಿ ಇರುತ್ತದೆಯಷ್ಟೆ. ಸ್ಮಾರಕದ ಮುಂದೆ ಒಬ್ಬ ತಾಯಿ, “ಶಾಸ್ತ್ರಿಗಳೇ, ಇಲ್ಲಿ ಕಾಯಿ ಒಡೆಯಬಹುದೆ?” ಎಂದು ಕೇಳಿದರು. ನಮಗೆ ಥಟ್ಟನೆ ಉತ್ತರ ತೋಚಲಿಲ್ಲ. ಇದು ಹರಕೆಯ ಸ್ಥಳವಲ್ಲ. ಇಲ್ಲಿ ಬೇಡುವುದೂ ಇಲ್ಲ, ಪಡೆಯುವುದೂ ಇಲ್ಲ. “ತಾಯೀ, ಸಾವಾದ ಮನೆಗೆ ಹೋದಂತೆ ಬಂದಿದ್ದೇವೆ. ವಿಭೂತಿ ಧರಿಸಿ, ಒಂದು ಹೂವಿಟ್ಟು, ಸ್ವಲ್ಪ ಹೊತ್ತು ಮೌನವಾಗಿ ಕುಳಿತರೆ ಸಾಕು” ಎಂದೆವು. ಬಸವಾದಿ ಶರಣರು ನಮಗೆ ಸೂತಕವಿಲ್ಲವೆಂದರು, ಸಂತಾಪವೂ ಬೇಡವೆಂದವರಲ್ಲ.

ಆ ಮೌನ ಬಹಳ ಹೊತ್ತು ಉಳಿಯಲಿಲ್ಲ. ವಾಹನ ಹತ್ತುತ್ತಲೇ ನಮ್ಮ ಜೊತೆಗಿದ್ದ ಕಾಲೇಜು ಹುಡುಗನೊಬ್ಬ ಕಣ್ಣು ಕೆಂಪಗೆ ಮಾಡಿಕೊಂಡು, “ಇದಕ್ಕೆಲ್ಲ ಲೆಕ್ಕ ಚುಕ್ತಾ ಮಾಡಬೇಕು, ಶಾಸ್ತ್ರಿಗಳೇ” ಎಂದ. ಅವನ ದುಃಖ ಸುಳ್ಳಲ್ಲ. ಆದರೆ ಆ ಮಾತು ನಮ್ಮ ಎದೆಗೆ ಚುಚ್ಚಿತು. ಲೆಕ್ಕವೆಂದ ಮೇಲೆ ಪೂರ್ತಿ ಲೆಕ್ಕವನ್ನೇ ಹೇಳಬೇಕಲ್ಲವೆ?

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು, ರಜಾಕಾರರ ಹಾವಳಿ ಅಡಗಿತು. ಆದರೆ ಆ ಬಳಿಕ ಅದೇ ಸೀಮೆಯಲ್ಲಿ ಮುಸಲ್ಮಾನ ಕುಟುಂಬಗಳ ಮೇಲೆ ಘೋರ ಹಿಂಸೆ ನಡೆಯಿತು. ಅದನ್ನು ತಿಳಿಯಲು ನೆಹರೂ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ಬಹುಕಾಲ ಬೆಳಕು ಕಾಣದೆ ಉಳಿದ ಅದರ ವರದಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ವೆಂದು ಅಂದಾಜು ಮಾಡಿದೆ. ಅತಿ ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಇವರೆಲ್ಲರೂ ರಜಾಕಾರರಾಗಿರಲಿಲ್ಲ, ಗೋರಟಾದ ಮಕ್ಕಳು ಎಷ್ಟು ನಿರಪರಾಧಿಗಳೋ ಇವರಲ್ಲಿ ಬಹುಮಂದಿ ಅಷ್ಟೇ ನಿರಪರಾಧಿಗಳು. ನೆರೆಯ ಮುಸಲ್ಮಾನರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳಿದ್ದರು, ನೇಕಾರರಲ್ಲಿ ಇಂತಹ ಬಾಂಧವ್ಯ ವಿಶೇಷವಾಗಿ ಕಂಡುಬಂದಿತು ಎಂಬುದನ್ನೂ ಅದೇ ವರದಿ ದಾಖಲಿಸಿದೆ.

ಇಷ್ಟನ್ನೂ ಹೇಳಿದಾಗ ಹುಡುಗ ಸುಮ್ಮನಾದ. ಹಿರಿಯರೊಬ್ಬರು ಮಾತ್ರ, “ನಮ್ಮವರ ಸಾವಿನ ಮುಂದೆ ಅವರ ಸಾವನ್ನು ಏಕೆ ತರುತ್ತೀರಿ?” ಎಂದು ನೊಂದು ನುಡಿದರು. ಆ ರಾತ್ರಿ ಕಲ್ಯಾಣದಲ್ಲಿ ನಮಗೆ ನಿದ್ರೆ ಹತ್ತಲಿಲ್ಲ. ಒಂದರ ಮುಂದೆ ಇನ್ನೊಂದನ್ನಿಟ್ಟರೆ ಗೋರಟಾದ ದುಃಖ ಚಿಕ್ಕದಾಗುವುದೆ? ಆಗದೆಂಬುದೇ ನಮ್ಮ ನಂಬಿಕೆ. ಒಬ್ಬರ ಹೆಣವನ್ನು ತೋರಿಸಿ ಇನ್ನೊಬ್ಬರ ಹೆಣವನ್ನು ಮುಚ್ಚಿದರೆ ಮಾತ್ರ ಇಬ್ಬರಿಗೂ ಅಪಚಾರ.

ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಎಳೆಹೂಟೆಯ ಶಿಕ್ಷೆಗೆ ಬಲಿಯಾದರೆಂದೂ, ಶರಣರು ಚದುರಿಹೋಗಿ, ಚನ್ನಬಸವಣ್ಣನವರೊಡನೆ ಹೊರಟವರು ಉಳವಿ ಸೇರಿದರೆಂದೂ ಪರಂಪರೆ ಹೇಳುತ್ತದೆ. ಬೆನ್ನಟ್ಟಿ ಬಂದವರೊಡನೆ ಹೋರಾಡಿದ ಕಥೆಯೂ ಅದರಲ್ಲಿದೆ. ಆದರೆ ನಾವಿಂದು ನೆನೆಯುವುದು ಹಗೆಯನ್ನಲ್ಲ, ಅವರು ಕಾಪಾಡಿ ತಂದ ವಚನಗಳ ಕಟ್ಟುಗಳನ್ನು. ಮುಂದೆ ನಮ್ಮ ಎಡೆಯೂರಿನ ಸಿದ್ಧಲಿಂಗ ಯತಿಗಳ ಕಾಲದಲ್ಲಿ ಆ ವಚನಗಳ ಸಂಕಲನ ನಡೆದದ್ದರಿಂದಲೇ ಅವು ನಮ್ಮ ಮನೆಗಳನ್ನು ಮುಟ್ಟಿದವು.

ಲೋಕದಲ್ಲಿಯೂ ಇಂತಹ ನೆಲಗಳು ಅನೇಕ. ಪೋಲೆಂಡ್ ದೇಶದ ಆಷ್‌ವಿಟ್ಸ್ ಶಿಬಿರದಲ್ಲಿ ಹಿಟ್ಲರನ ಆಡಳಿತ ಸುಮಾರು 11 ಲಕ್ಷ ಜನರನ್ನು ಕೊಂದಿತು. ಅವರಲ್ಲಿ ಬಹುಪಾಲು ಯಹೂದಿಗಳು. ರುವಾಂಡಾದಲ್ಲಿ 1994ರಲ್ಲಿ ನಡೆದ ನರಮೇಧದ ಬಲಿಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಕಿಗಾಲಿ ನಗರದ ಸ್ಮಾರಕದಲ್ಲಿ ಸಮಾಧಿಯಾಗಿದೆ. ಇವು ಒಂದು ಜನಾಂಗವನ್ನೇ ಅಳಿಸಲು ಹೊರಟ ಕೃತ್ಯಗಳು. ನಮ್ಮ ನಾಡಿನ ಹತ್ಯೆಗಳಿಗೆಲ್ಲ ಅದೇ ಹೆಸರನ್ನು ಇಡಲಾಗದು. ಜನಾಂಗಹತ್ಯೆಯನ್ನು ತಡೆಯುವ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1948ರ ಡಿಸೆಂಬರ್ 9ರಂದು, ಗೋರಟಾದ ಮನೆಗಳಲ್ಲಿ ಕಣ್ಣೀರು ಆರದ ಅದೇ ವರ್ಷ.

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಇಂತಹ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಆದರೆ ಹೊರಡುವ ಮುನ್ನ ಅಲ್ಲಿ ನಡೆದದ್ದನ್ನು ಮನೆಯಲ್ಲಿಯೇ ತಿಳಿಯಹೇಳಿರಿ. ಬುತ್ತಿಯನ್ನು ಸ್ಮಾರಕದಿಂದ ದೂರದಲ್ಲಿ ಬಿಚ್ಚಿರಿ. ನಗುತ್ತ ಫೋಟೋ ತೆಗೆಸಿಕೊಳ್ಳಬೇಡಿರಿ. ಮಡಿದವರ ಹೆಸರುಗಳಿದ್ದರೆ ಒಂದೊಂದನ್ನೂ ಓದಿರಿ. ಮರಳುವ ದಾರಿಯಲ್ಲಿ ಮಕ್ಕಳು “ಕೊಂದವರು ಯಾರು?” ಎಂದು ಕೇಳಿದರೆ ಮುಚ್ಚಿಡದೆ ಹೇಳಿರಿ, “ಕಾಪಾಡಿದವರು ಯಾರು?” ಎಂಬುದನ್ನು ಅವರು ಕೇಳದಿದ್ದರೂ ಹೇಳಿರಿ.

ಊರಿಗೆ ಮರಳಿದ ಕೆಲವು ದಿನಗಳ ಮೇಲೆ ಆ ಹುಡುಗ ನಮ್ಮ ಮನೆಗೆ ಬಂದು, “ಶಾಸ್ತ್ರಿಗಳೇ, ಮುಂದಿನ ಸಲ ವಿದುರಾಶ್ವತ್ಥಕ್ಕೆ ಹೋಗುವಾಗ ನನ್ನನ್ನೂ ಕರೆಯಿರಿ” ಎಂದ. ಆ ತಾಯಿ ಒಡೆಯದೆ ಉಳಿಸಿಕೊಂಡಿದ್ದ ಕಾಯನ್ನು ತಮ್ಮ ತೋಟದಲ್ಲಿ ಸಸಿಗೆ ಹಾಕಿದ್ದಾರೆಂಬ ಸುದ್ದಿಯನ್ನೂ ಅವನೇ ತಂದ.