ನಿಮಗಿದು ಗೊತ್ತೆ? ಬೈಕಿಗೆ ಬೇಕು ‘ಎ’ ಮುದ್ರೆ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಬಂದ ವಿದೇಶಿಯರು ತಮ್ಮ ದೇಶದಿಂದ ತಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಮೇಲೆ ಇಲ್ಲಿ ಬೈಕ್ ಓಡಿಸಬಹುದು. ಆದರೆ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಆ ಪರವಾನಗಿಗೆ ಒಂದೇ ವರ್ಷದ ಆಯುಸ್ಸು. ಊರಿನ ಮೂಲ ಲೈಸೆನ್ಸೂ ಜೊತೆಗಿರಬೇಕು. ಬಹಳ ಮಂದಿ ಗಮನಿಸದ ಸಂಗತಿ ಇನ್ನೊಂದಿದೆ: ಆ ಪರವಾನಗಿಯ ಪುಟ್ಟ ಪುಸ್ತಕದಲ್ಲಿ ‘ಎ’ ಅಕ್ಷರದ ಎದುರು ಮುದ್ರೆ ಬಿದ್ದಿರಲೇಬೇಕು. ‘ಎ’ ಎಂದರೆ ಮೋಟಾರ್ ಸೈಕಲ್, ‘ಬಿ’ ಎಂದರೆ ಕಾರು. ‘ಬಿ’ ಮಾತ್ರ ಇದ್ದವರು ಬುಲೆಟ್ ಏರುವಂತಿಲ್ಲ.

ವರ್ಷಗಟ್ಟಲೆ ಇಲ್ಲೇ ಇರುವವರು ಇಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳುವುದೇ ಸರಿ. ವೈಟ್‌ಫೀಲ್ಡ್ ಕಡೆಯವರಿಗೆ ಕೆ.ಆರ್. ಪುರದ ಕೆಎ-53 ಆರ್‌ಟಿಒ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಎ-51. ಪಾಸ್‌ಪೋರ್ಟ್, ವೀಸಾ, ವಿಳಾಸದ ದಾಖಲೆ ಕೊಟ್ಟು ಮೊದಲು ಎಲ್‌ಎಲ್ (ಕಲಿಕಾ ಲೈಸೆನ್ಸ್) ಪಡೆಯಬೇಕು. ಅದು 6 ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಟೆಸ್ಟ್. ಕಾಲು ನೆಲಕ್ಕೆ ಊರದೆ ನಿಧಾನವಾಗಿ ಬೈಕಿನಲ್ಲಿ ಎಂಟರ ಆಕಾರ ಹಾಕಬೇಕು. ಹೆದ್ದಾರಿಯಲ್ಲಿ ಪಳಗಿದವರಿಗೂ ಇದು ಸುಲಭವಲ್ಲ, ಅಭ್ಯಾಸ ಬೇಕೇ ಬೇಕು.

ವಿದೇಶಿ ಸಹೋದ್ಯೋಗಿಗೆ ಬೈಕಿನ ಕೀಲಿ ಕೊಡುವ ಮುನ್ನ ಆ ‘ಎ’ ಮುದ್ರೆಯನ್ನು ಕಣ್ಣಾರೆ ನೋಡಿ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಮಾಲೀಕರಿಗೂ ದಂಡ ಬೀಳುತ್ತದೆ.