ಹಿಮದ ಕಾಡಿನಲ್ಲಿ ಬಿಳಿಬಾಲದ ಬೆನ್ನು ಹತ್ತಿ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಅದರ ಬೆನ್ನಿಗೇ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಇನ್ನೊಂದು ಹಬ್ಬ ಬರುತ್ತದೆ. ಅದು ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೊರಡುವ ಮೊದಲ ದಿನ. 1963ರಿಂದ 2018ರವರೆಗೆ ಇದು ಹಬ್ಬದ ನಂತರದ ಸೋಮವಾರ ಆರಂಭವಾಗುತ್ತಿತ್ತು. ಆ ದಿನ ತರಗತಿಗೆ ಮಕ್ಕಳೇ ಬರುವುದಿಲ್ಲವೆಂದು ಹಳ್ಳಿಗಾಡಿನ ಅನೇಕ ಶಾಲೆಗಳು ರಜೆಯನ್ನೇ ಘೋಷಿಸುವ ರೂಢಿ ಬೆಳೆಯಿತು. 2019ರಿಂದ ಮೊದಲ ದಿನ ಶನಿವಾರಕ್ಕೆ ಬದಲಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಎಂದರೆ ಅಪರಾಧ ಎಂದೇ ತಿಳಿದಿರುವ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಅದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ. 1900ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಉಳಿದಿದ್ದ ಬಿಳಿಬಾಲದ ಜಿಂಕೆಗಳು ಐದು ಲಕ್ಷಕ್ಕೂ ಕಡಿಮೆ ಎಂದು ಅಂದಾಜು. ಇಂದು ಅವುಗಳ ಸಂಖ್ಯೆ ಸುಮಾರು ಮೂರು ಕೋಟಿ. ವರ್ಷಕ್ಕೆ ಲಕ್ಷಗಟ್ಟಲೆ ಜಿಂಕೆಗಳು ಕೋವಿಗೆ ಬಲಿಯಾಗುತ್ತಿದ್ದರೂ ಸಂತತಿ ಬೆಳೆದದ್ದು ಹೇಗೆ?

ಚಳಿಗೆ ಹುಟ್ಟಿದ ಪ್ರಾಣಿ

ಬಿಳಿಬಾಲದ ಜಿಂಕೆ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಗೆ ದೂರದ ಸಂಬಂಧಿ ಮಾತ್ರ. ಅಪಾಯದ ಸುಳಿವು ಸಿಕ್ಕೊಡನೆ ಅದು ಬಾಲವನ್ನು ಬಾವುಟದಂತೆ ಎತ್ತಿ ಓಡುತ್ತದೆ. ಆಗ ಕಾಣುವ ಬಾಲದ ಅಡಿಯ ಬಿಳುಪೇ ಅದಕ್ಕೆ ಹೆಸರು ತಂದಿದೆ. ಚಳಿಗಾಲಕ್ಕೆ ಅದರ ಕೆಂಗಂದು ಮೈ ಬೂದುಗಂದಾಗಿ, ಒಳಗೆ ಪೊಳ್ಳಾದ ದಪ್ಪ ರೋಮ ಬೆಳೆಯುತ್ತದೆ. ಪೊಳ್ಳಿನಲ್ಲಿ ನಿಂತ ಗಾಳಿ ಮೈಶಾಖವನ್ನು ಹಿಡಿದಿಡುತ್ತದೆ.

ನವೆಂಬರ್ ನಡುವಿನಲ್ಲಿ ಬೆದೆಯ ಭರ. ಗಂಡು ಜಿಂಕೆಗಳು ಮೇವನ್ನೂ ಮರೆತು ಹೆಣ್ಣಿನ ಹಿಂದೆ ಅಲೆದು ಸೊರಗುತ್ತವೆ. ಆಮೇಲೆ ಮುಂದಿನ ಚಳಿಯನ್ನು ತಾಳಿಕೊಳ್ಳಲು ಓಕ್ ಮರದ ಕಾಯಿ, ಹೊಲದಲ್ಲಿ ಉದುರಿದ ಜೋಳ ಅರಸಿ ಹೊರಬರುತ್ತವೆ. ರೈಫಲ್ ಬೇಟೆಗಾರ ಕಾಯುವುದು ಈ ಹೊತ್ತನ್ನೇ. ಮಲೆನಾಡಿನ ಹಳಬರು ಹೇಳುವ ‘ಮರಸು’ ಕೂರುವುದು, ‘ಸೋವು’ ಎಬ್ಬಿಸುವುದು, ಎರಡೂ ಅಲ್ಲಿವೆ. ಹಿಮ ಬಿದ್ದರಂತೂ ಬೇಟೆಗಾರನಿಗೆ ಅನುಕೂಲ. ಹೆಜ್ಜೆ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಗಾಯಗೊಂಡ ಪ್ರಾಣಿ ಕಣ್ಮರೆಯಾಗಿ ನರಳಿ ಸಾಯದಂತೆ ರಕ್ತದ ಜಾಡು ಹಿಡಿದು ಹುಡುಕಬಹುದು. ಮಾಂಸವೂ ಬೇಗ ಕೆಡುವುದಿಲ್ಲ.

ಅಳತೆಗೆ ಹೊಲಿದ ಅಂಗಿಯಂತೆ

ಈ ಬೇಟೆಯಲ್ಲಿ ಕೋವಿಗೆ ಇರುವ ಸ್ಥಾನ ಬರಿಯ ಉಪಕರಣದ್ದಲ್ಲ. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕಮ್ಮಾರರು ಉದ್ದ ನಳಿಗೆಯ ರೈಫಲುಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದರು. ಮುಂದೆ ಅದಕ್ಕೆ ‘ಕೆಂಟಕಿ ರೈಫಲ್’ ಎಂಬ ಹೆಸರು ಅಂಟಿತು. ಕಾರ್ಖಾನೆಗಳು ಬಂದ ಮೇಲೂ ಈ ಕಸುಬು ಅಳಿಯಲಿಲ್ಲ. 1923ರಲ್ಲಿ ಮರಗೆಲಸದ ಸೀಮೋರ್ ಗ್ರಿಫಿನ್ ಮತ್ತು ಲೋಹಗೆಲಸದ ಜೇಮ್ಸ್ ಹೋವ್ ಸೇರಿ ನ್ಯೂಯಾರ್ಕಿನಲ್ಲಿ ‘ಗ್ರಿಫಿನ್ ಅಂಡ್ ಹೋವ್’ ಸಂಸ್ಥೆ ಆರಂಭಿಸಿದರು. ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ ಅಕ್ರೋಟು ಮರದ ಹೊಸ ಹಿಡಿ ಕೂಡಿಸಿ ಬೇಟೆಯ ಕೋವಿಯಾಗಿಸುವುದರಲ್ಲಿ ಅವರು ಹೆಸರಾದರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ತಂದ ಜರ್ಮನ್ ಮೌಸರುಗಳು ಊರೂರಿನ ಕೋವಿ ಕೆಲಸಗಾರರ ಕೈಯಲ್ಲಿ ಹೀಗೆಯೇ ಹೊಸ ರೂಪ ಪಡೆದವು.

ಹೀಗೆ ಹೇಳಿ ಮಾಡಿಸಿದ ಕೋವಿಯ ಗುಣ ಗೊತ್ತಾಗುವುದು ಚಳಿಯಲ್ಲಿ. ದಪ್ಪ ಕೋಟುಗಳನ್ನು ಒಂದರ ಮೇಲೊಂದು ತೊಟ್ಟಾಗ ಭುಜಕ್ಕೆ ಆನಿಸುವ ಹಿಡಿ ಉದ್ದವಾದಂತಾಗಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಲ್ಲ ಕಸುಬುದಾರ ಹಿಡಿಯನ್ನು ಸ್ವಲ್ಪ ಗಿಡ್ಡ ಮಾಡುತ್ತಾನೆ. ಕೈಗವಸು ತೊಟ್ಟ ಬೆರಳು ಆಡುವಷ್ಟು ಜಾಗವನ್ನು ಟ್ರಿಗರ್ ಸುತ್ತ ಬಿಡುತ್ತಾನೆ. ತೇವ ಹೀರಿದ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ ಗುಂಡು ಗುರಿಯಿಂದ ಸರಿಯುತ್ತದೆ. ಅದಕ್ಕಾಗಿ ಮರಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಿಸುತ್ತಾನೆ.

ಉಳಿದ ಎಚ್ಚರ ಬೇಟೆಗಾರನದು. ಚಳಿಗೆ ಎಣ್ಣೆ ಮಂದವಾದರೆ ತೋಟೆಯನ್ನು ಹೊಡೆಯುವ ಸೂಜಿಯ ವೇಗ ಕುಂದಿ ಈಡು ಹಾರದೆ ಹೋಗಬಹುದು. ಹೀಗಾಗಿ ಹಳೆಯ ಎಣ್ಣೆಯನ್ನು ಪೂರ್ತಿ ಒರೆಸುತ್ತಾರೆ. ದುರ್ಬೀನಿನ ಗಾಜಿಗೆ ಉಸಿರು ತಾಗಿದರೆ ಮಂಜು ಕವಿಯುತ್ತದೆ. ದಿನವಿಡೀ ಚಳಿಯಲ್ಲಿದ್ದ ಕೋವಿಯನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಲೋಹದ ಮೇಲೆ ನೀರು ಹನಿಗಟ್ಟಿ ತುಕ್ಕು ಹಿಡಿಯುತ್ತದೆ. ಇಷ್ಟು ಜತನ ಮಾಡಿದ ಕೋವಿ ಅಜ್ಜನಿಂದ ಮೊಮ್ಮಗನಿಗೆ ಬರುವುದು ಅಲ್ಲಿ ಸಾಮಾನ್ಯ.

ಕಾನೂನು ಉಳಿಸಿದ ಕಾಡು

ಆದರೆ ಜಿಂಕೆಯನ್ನು ಉಳಿಸಿದ್ದು ಕೋವಿಯ ಮೇಲಿನ ಪ್ರೀತಿಯಲ್ಲ, ಕಾನೂನು. 19ನೇ ಶತಮಾನದಲ್ಲಿ ಜಿಂಕೆಯ ಮಾಂಸ ಮತ್ತು ಚರ್ಮ ಪೇಟೆಯ ಸರಕಾಗಿದ್ದವು. ವರ್ಷವಿಡೀ ನಡೆದ ಕೊಲೆ ಮತ್ತು ಕಾಡಿನ ನಾಶ ಸೇರಿ ಅನೇಕ ರಾಜ್ಯಗಳಲ್ಲಿ ಜಿಂಕೆಯೇ ಇಲ್ಲದಂತಾಯಿತು. ಅಕ್ರಮವಾಗಿ ಕೊಂದ ವನ್ಯಪ್ರಾಣಿಗಳನ್ನು ಬೇರೆ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯ್ದೆ ತಡೆಯಿತು. ಪೆನ್ಸಿಲ್ವೇನಿಯ 1906ರಲ್ಲಿ ಮಿಷಿಗನ್‌ನಿಂದ 50 ಜಿಂಕೆಗಳನ್ನು ತರಿಸಿ ಕಾಡಿಗೆ ಬಿಟ್ಟಿತು. ಕೊಂಬುಳ್ಳ ಗಂಡನ್ನು ಮಾತ್ರ ಹೊಡೆಯಬೇಕೆಂದು 1907ರಲ್ಲಿ ಕಾನೂನು ಮಾಡಿತು.

ನಿರ್ಣಾಯಕ ಹೆಜ್ಜೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ. ಬೇಟೆಯ ಕೋವಿ ಮತ್ತು ತೋಟೆಗಳ ಮೇಲಿನ ತೆರಿಗೆ, ಈಗ ಶೇ 11, ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಮೀಸಲಾಯಿತು. ಬೇಟೆಯ ಪರವಾನಗಿ ಶುಲ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಈ ಹಣ ಸಿಗದು. ಜಿಂಕೆ ಹೊಡೆಯುವವನೇ ಜಿಂಕೆಯ ಕಾಡಿಗೂ ದುಡ್ಡು ಕೊಡುವ ವ್ಯವಸ್ಥೆ ಹೀಗೆ ಬಂತು.

ಈ ವ್ಯವಸ್ಥೆಗೇ ಈಗ ಚಳಿ ಹಿಡಿದಿದೆ. ಪೆನ್ಸಿಲ್ವೇನಿಯದಲ್ಲಿ 1980ರ ದಶಕದ ಆರಂಭದಲ್ಲಿ 13 ಲಕ್ಷದಷ್ಟಿದ್ದ ಪರವಾನಗಿಗಳು ಇಂದು ಒಂಬತ್ತು ಲಕ್ಷಕ್ಕೂ ಕಡಿಮೆ. ಹಳಬರು ಕೋವಿ ಕೆಳಗಿಡುತ್ತಿದ್ದಾರೆ, ಅವರ ಜಾಗಕ್ಕೆ ಬರುವ ಹುಡುಗರು ಕಡಿಮೆ. ಜಿಂಕೆಯನ್ನು ಹಿಡಿದು ತಿನ್ನುತ್ತಿದ್ದ ತೋಳ, ಪೂಮಾಗಳು 19ನೇ ಶತಮಾನ ಮುಗಿಯುವ ಹೊತ್ತಿಗೇ ಅಲ್ಲಿಂದ ಮರೆಯಾಗಿವೆ. ಎಣೆಯಿಲ್ಲದೆ ಬೆಳೆದ ಜಿಂಕೆ ಹಿಂಡು ಮೊಳೆತ ಸಸಿಗಳನ್ನೆಲ್ಲ ಮೇಯ್ದರೆ ನಾಳಿನ ಕಾಡೇ ಇರದು. ಇದರ ಜೊತೆಗೆ ಜಿಂಕೆಯ ಮಿದುಳನ್ನು ಕೊರೆಯುವ, ಮದ್ದಿಲ್ಲದ ಸೊರಗು ರೋಗವೂ ಹಬ್ಬುತ್ತಿದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಿಸಿದ ಅದು 2012ರಲ್ಲಿ ಪೆನ್ಸಿಲ್ವೇನಿಯ ತಲುಪಿದ್ದು ಗೊತ್ತಾಯಿತು. ಮನುಷ್ಯರಿಗೆ ತಗಲಿದ ಖಚಿತ ಪ್ರಕರಣ ಇಲ್ಲವಾದರೂ ಸೋಂಕಿತ ಮಾಂಸ ತಿನ್ನಬೇಡಿರೆಂದು ಆರೋಗ್ಯ ಇಲಾಖೆಗಳು ಎಚ್ಚರಿಸುತ್ತವೆ.

ಬೇಟೆ ಸರಿಯೋ ತಪ್ಪೋ ಎಂಬ ವಾದ ಅಮೆರಿಕದಲ್ಲೂ ಮುಗಿದಿಲ್ಲ. ತೋಳವನ್ನು ಕೊಂದ ಮನುಷ್ಯ ತೋಳದ ಕೆಲಸವನ್ನೂ ತಾನೇ ಹೊರಬೇಕಾಗಿ ಬಂತು. ನೂರು ವರ್ಷದ ಹಿಂದೆ ಅಲ್ಲಿನ ಕಾಡಿಗೆ ಕೋವಿಗಳು ಹೆಚ್ಚಾದದ್ದೇ ಚಿಂತೆಯಾಗಿತ್ತು. ಇಂದು ಅದೇ ಕಾಡಿನ ಕಾವಲುಗಾರರು ಕೋವಿ ಹಿಡಿಯುವ ಕೈಗಳು ಕಡಿಮೆಯಾದುವೆಂದು ಚಿಂತಿಸುತ್ತಿದ್ದಾರೆ.