ಟ್ಯಾಬ್ಲೆಟ್ ಛಾಯಾಗ್ರಹಣ

ಟ್ಯಾಬ್ಲೆಟ್ ಛಾಯಾಗ್ರಹಣ ಎಂದರೆ ಟ್ಯಾಬ್ಲೆಟ್ ಗಣಕದಲ್ಲಿ ಅಳವಡಿಸಿರುವ ಕ್ಯಾಮೆರಾದಿಂದ ದಿನನಿತ್ಯದ ಬಳಕೆಗಾಗಿ ಛಾಯಾಚಿತ್ರ ತೆಗೆಯುವುದು. ಕುಟುಂಬದ ಚಿತ್ರ, ಕಾಗದಪತ್ರಗಳ ಪ್ರತಿ, ಪಾಠದ ಟಿಪ್ಪಣಿ, ಬೆಳೆ ಅಥವಾ ಮನೆಯ ಸ್ಥಿತಿಯ ದಾಖಲೆ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಚಲಿಸುವ ವಸ್ತು ಮತ್ತು ಮಂದ ಬೆಳಕಿನ ಸನ್ನಿವೇಶಗಳಲ್ಲಿ ಟ್ಯಾಬ್ಲೆಟ್ ಸಾಮಾನ್ಯವಾಗಿ ಮೊಬೈಲ್ ಫೋನಿಗಿಂತ ಹಿಂದುಳಿಯುತ್ತದೆ. ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಅದರ ದೊಡ್ಡ ಪರದೆ ನಿಜವಾದ ಅನುಕೂಲವಾಗಿದೆ.

ಇತಿಹಾಸ

2010ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್ ಸಂಸ್ಥೆಯ ಮೊದಲ ಐಪ್ಯಾಡ್‌ನಲ್ಲಿ ಕ್ಯಾಮೆರಾ ಇರಲಿಲ್ಲ. ಅದೇ ವರ್ಷದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್‌ನ ಹಿಂಬದಿಯಲ್ಲಿ ಸುಮಾರು 3 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು. 2011ರ ಐಪ್ಯಾಡ್ 2ರಲ್ಲಿ ಹಿಂಬದಿ ಕ್ಯಾಮೆರಾ ಬಂದಿತಾದರೂ ಅದರ ಸ್ಥಿರಚಿತ್ರದ ಗಾತ್ರ ಒಂದು ಮೆಗಾಪಿಕ್ಸೆಲ್‌ಗಿಂತಲೂ ಕಡಿಮೆಯಿತ್ತು; 2012ರ ಮಾದರಿಯಲ್ಲಿ ಅದು 5 ಮೆಗಾಪಿಕ್ಸೆಲ್‌ಗೆ ಏರಿತು. ಕರ್ನಾಟಕ ಸರ್ಕಾರವು 2021ರಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಉದ್ದೇಶ ಆನ್‌ಲೈನ್ ಪಾಠವಾಗಿತ್ತು. ಆದರೆ ಒಮ್ಮೆ ಮನೆಗೆ ಬಂದ ಟ್ಯಾಬ್ಲೆಟ್ ಪಾಠಕ್ಕಷ್ಟೇ ಸೀಮಿತವಾಗಿ ಉಳಿಯುವುದು ಅಪರೂಪ.

ರಚನೆ ಮತ್ತು ಮಿತಿಗಳು

ಟ್ಯಾಬ್ಲೆಟ್‌ನ ಮೈ ದೊಡ್ಡದಾದರೂ ಅದರೊಳಗಿನ ಸಂವೇದಕ ದೊಡ್ಡದಲ್ಲ. ಕಡಿಮೆ ಬೆಲೆಯ ಮಾದರಿಗಳಲ್ಲಿ ಚಿಕ್ಕ ಸಂವೇದಕ ಮತ್ತು ಸರಳ ಮಸೂರವಿರುತ್ತವೆ. ಕೆಲವದರಲ್ಲಿ ಫ್ಲ್ಯಾಶ್ ಕೂಡ ಇರುವುದಿಲ್ಲ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅರ್ಧ ಕಿಲೋಗ್ರಾಂ ತೂಗುವ ಅಗಲವಾದ ಸಾಧನವನ್ನು ಆ ಅವಧಿಯಲ್ಲಿ ಅಲುಗಾಡದಂತೆ ಹಿಡಿಯುವುದು ಕಷ್ಟವಾದ್ದರಿಂದ ಚಿತ್ರ ಮಸುಕಾಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯುವುದು, ಗೋಡೆಗೆ ಅಥವಾ ಕಂಬಕ್ಕೆ ಒರಗುವುದು, ಪರದೆಯನ್ನು ಮುಟ್ಟುವ ಬದಲು ಧ್ವನಿ ಗುಂಡಿಯನ್ನು ಒತ್ತುವುದು ಅಥವಾ 3 ಸೆಕೆಂಡುಗಳ ಟೈಮರ್ ಬಳಸುವುದು ಇದಕ್ಕೆ ಪರಿಹಾರಗಳು. ಮಸೂರವು ಸಾಮಾನ್ಯವಾಗಿ ಒಂದು ಮೂಲೆಯಲ್ಲಿರುವುದರಿಂದ ಬೆರಳು ಅದನ್ನು ಮುಚ್ಚುವುದೂ ಉಂಟು.

ಜೂಮ್ ಮಾಡುವುದರಿಂದ ಬಹುತೇಕ ಟ್ಯಾಬ್ಲೆಟ್‌ಗಳಲ್ಲಿ ಹೊಸ ವಿವರವೇನೂ ದೊರೆಯುವುದಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಲಾಗುತ್ತದೆ, ಅಷ್ಟೆ. ಎರಡು ಹೆಜ್ಜೆ ಮುಂದೆ ಹೋಗುವುದೇ ಉತ್ತಮ. ಮದುವೆ, ಜಾತ್ರೆಗಳಲ್ಲಿ ಟ್ಯಾಬ್ಲೆಟ್ ಎತ್ತಿ ಹಿಡಿದರೆ ಹಿಂದಿನವರಿಗೆ ವೇದಿಕೆಯೇ ಕಾಣದಂತಾಗುತ್ತದೆ ಎಂಬ ದೂರು ನ್ಯಾಯವಾದುದೇ ಆಗಿದೆ.

ಕಾಗದಪತ್ರಗಳ ಚಿತ್ರ

ಎ4 ಹಾಳೆಯ ಉದ್ದ 297 ಮಿಲಿಮೀಟರ್. 5 ಮೆಗಾಪಿಕ್ಸೆಲ್ ಚಿತ್ರದ ಉದ್ದನೆಯ ಬದಿಯಲ್ಲಿ ಸುಮಾರು 2,592 ಬಿಂದುಗಳಿರುತ್ತವೆ. ಹಾಳೆ ಚೌಕಟ್ಟನ್ನು ಪೂರ್ತಿ ತುಂಬಿದರೆ ಪ್ರತಿ ಅಂಗುಲಕ್ಕೆ ಸುಮಾರು 220 ಬಿಂದುಗಳು ದೊರೆಯುತ್ತವೆ. ಓದಲು ಇದು ಸಾಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಈ ಪ್ರಮಾಣ 140ಕ್ಕಿಂತ ಕೆಳಗಿಳಿಯುವುದರಿಂದ ಕನ್ನಡದ ಒತ್ತಕ್ಷರಗಳು ಕಲೆಸಿಹೋಗುವ ಸಂಭವವಿದೆ. ಅಂತಹ ಸಾಧನದಲ್ಲಿ ಹಾಳೆಯನ್ನು ಎರಡು ಭಾಗಗಳಾಗಿ ತೆಗೆಯುವುದು ಸೂಕ್ತ. ಹಾಳೆಯನ್ನು ಕಿಟಕಿಯ ಬಳಿ ನೆಲದ ಮೇಲೆ ಹಾಸಿ, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ, ಟ್ಯಾಬ್ಲೆಟ್ಟನ್ನು ಹಾಳೆಗೆ ಸಮಾನಾಂತರವಾಗಿ ಹಿಡಿಯಬೇಕು. ತೆಗೆದ ಕೂಡಲೇ ದೊಡ್ಡ ಪರದೆಯಲ್ಲಿ ಪ್ರತಿ ಸಾಲನ್ನೂ ಪರಿಶೀಲಿಸಬಹುದು. ದೃಷ್ಟಿ ಮಂದವಾದ ಹಿರಿಯರಿಗೆ ಇದು ವಿಶೇಷವಾಗಿ ಉಪಯುಕ್ತವಾಗಿದೆ.

ಹೊಲ ಮತ್ತು ನೆರೆಯ ದಾಖಲೆ

ಬೆಳಗಾವಿ ಜಿಲ್ಲೆಯ ಸತ್ತಿ ಗ್ರಾಮವಿರುವ ಅಥಣಿ ತಾಲ್ಲೂಕಿನಲ್ಲಿ ಕೃಷ್ಣಾ ನದಿ ಹರಿಯುತ್ತದೆ. ಕಬ್ಬು ಇಲ್ಲಿಯ ಪ್ರಮುಖ ಬೆಳೆ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ತಾಲ್ಲೂಕಿನ ನದಿತೀರದ ಗ್ರಾಮಗಳು ನೆರೆಗೆ ತುತ್ತಾದವು. ಇಂತಹ ಪ್ರದೇಶದಲ್ಲಿ ಛಾಯಾಚಿತ್ರವು ನೆನಪಿನ ವಸ್ತುವಷ್ಟೇ ಅಲ್ಲ, ಪುರಾವೆಯೂ ಹೌದು. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ 2020ರ ಮುಂಗಾರಿನಿಂದ ರೈತರು ತಾವೇ ಆ್ಯಪ್ ಮೂಲಕ ಬೆಳೆಯ ಚಿತ್ರವನ್ನು ಸೇರಿಸಲು ಅವಕಾಶ ನೀಡಲಾಯಿತು. ಈ ಮಾಹಿತಿಯು ಪಹಣಿಯ (ಈ ಭಾಗದ ಆಡುಮಾತಿನಲ್ಲಿ ಉತಾರ) ಬೆಳೆ ಕಾಲಂಗೆ, ಬೆಳೆ ವಿಮೆಗೆ ಹಾಗೂ ಪ್ರಕೃತಿ ವಿಕೋಪದ ಪರಿಹಾರಕ್ಕೆ ಆಧಾರವಾಗುತ್ತದೆ. ಚಿತ್ರವನ್ನು ಆಯಾ ಜಮೀನಿನಲ್ಲಿ ನಿಂತೇ ತೆಗೆಯಬೇಕು.

ಟ್ಯಾಬ್ಲೆಟ್ ಬಳಸುವವರು ಎಡವುವುದು ಇಲ್ಲಿಯೇ. ಸಿಮ್ ಹಾಕಲು ಅವಕಾಶವಿಲ್ಲದ, ವೈ-ಫೈ ಮಾತ್ರವಿರುವ ಅನೇಕ ಟ್ಯಾಬ್ಲೆಟ್‌ಗಳಲ್ಲಿ ಜಿಪಿಎಸ್ ಗ್ರಾಹಕವೇ ಇರುವುದಿಲ್ಲ. ಸುತ್ತಲಿನ ವೈ-ಫೈ ಜಾಲಗಳ ಆಧಾರದಿಂದ ಅವು ಸ್ಥಳವನ್ನು ಅಂದಾಜಿಸುತ್ತವೆ. ಕಬ್ಬಿನ ಹೊಲದ ನಡುವೆ ಅಂತಹ ಜಾಲಗಳಿರುವುದಿಲ್ಲ. ಜಿಪಿಎಸ್ ಇರುವ ಸಾಧನವು ಇಂಟರ್ನೆಟ್ ಇಲ್ಲದೆಯೂ ಸ್ಥಳವನ್ನು ಗುರುತಿಸಬಲ್ಲದು. ಆದರೆ ಮೊದಲ ಬಾರಿ ಕೆಲವು ನಿಮಿಷ ಬಯಲಿನಲ್ಲಿ ಕಾಯಬೇಕಾಗಬಹುದು. ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ಚಾಲೂ ಆದ ಟ್ಯಾಬ್ಲೆಟ್ ನೆಟ್‌ವರ್ಕ್ ಇಲ್ಲದಿದ್ದರೆ ತಪ್ಪು ದಿನಾಂಕ ತೋರಿಸುವ ಸಾಧ್ಯತೆಯಿದ್ದು, ಅದೇ ದಿನಾಂಕ ಚಿತ್ರದ ಮಾಹಿತಿಯಲ್ಲಿಯೂ ದಾಖಲಾಗುತ್ತದೆ. ಆದ್ದರಿಂದ ಚಿತ್ರ ತೆಗೆಯುವ ಮುನ್ನ ಗಡಿಯಾರವನ್ನು ನೋಡಿಕೊಳ್ಳಬೇಕು.

ಎತ್ತರ ಬೆಳೆದ ಕಬ್ಬನ್ನು ಹತ್ತಿರದಿಂದ ತೆಗೆದರೆ ಹಸಿರು ಗೋಡೆಯೊಂದೇ ಕಾಣುತ್ತದೆ. ಬದುವಿನ ಮೇಲೆ ನಿಂತು ಬೆಳೆ ಮತ್ತು ಹೊಲದ ಅಂಚು ಎರಡೂ ಬರುವಂತೆ ತೆಗೆಯಬೇಕು. ನೆರೆ ಇಳಿದ ಮನೆಯಲ್ಲಾದರೆ, ಕೆಸರನ್ನು ತೊಳೆಯುವ ಮುನ್ನವೇ ಮೊದಲು ಇಡೀ ಮನೆ, ನಂತರ ಪ್ರತಿ ಗೋಡೆ, ಕೊನೆಗೆ ನೀರು ನಿಂತ ಗುರುತಿನ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಸಮೀಪದ ಚಿತ್ರ ತೆಗೆಯುವುದು ಒಳ್ಳೆಯ ಕ್ರಮ. ಬಿಸಿಲಿನಲ್ಲಿ ಪರದೆ ಹೊಳೆದು ಏನೂ ಕಾಣದಿದ್ದರೆ ಟವೆಲಿನ ನೆರಳು ಸಾಕಾಗುತ್ತದೆ. ಐಪ್ಯಾಡ್‌ಗೆ ತಯಾರಕರು ಸೂಚಿಸಿರುವ ಬಳಕೆಯ ಗರಿಷ್ಠ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್. ಈ ಭಾಗದ ಬೇಸಿಗೆ ಅದನ್ನು ಮೀರುತ್ತದೆ. ಹೆಚ್ಚು ಕಾದ ಸಾಧನವು ಪರದೆಯನ್ನು ಮಂದಗೊಳಿಸಬಹುದು, ಫ್ಲ್ಯಾಶ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು.

ಹಂಚಿಕೆ ಮತ್ತು ಸಂಗ್ರಹ

ಸ್ಥಳ ಮತ್ತು ಸಮಯದ ವಿವರಗಳು ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ ರೂಪದಲ್ಲಿ ಅಡಕವಾಗಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಕಡತ ಕುಗ್ಗುವುದಲ್ಲದೆ ಈ ವಿವರಗಳೂ ಅಳಿದುಹೋಗುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ. ಇದೇ ಕಾರಣದಿಂದ ಮನೆಯಲ್ಲಿ ತೆಗೆದ ಮಕ್ಕಳ ಚಿತ್ರಗಳನ್ನು ಅಪರಿಚಿತರಿಗೆ ಈ ರೀತಿ ಕಳುಹಿಸಿದರೆ ಮನೆಯ ಸ್ಥಳವೂ ಜೊತೆಗೆ ಹೋಗಬಹುದು. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ದಾಖಲಿಸುವ ಆಯ್ಕೆಯನ್ನು ಹೊಲದಲ್ಲಿ ತೆರೆದು, ಮನೆಯಲ್ಲಿ ಮುಚ್ಚಿಡಬಹುದು.